ಮುಂದೆ ಓಡುವವನಿಗೆ ರಜೆ ಯಾವತ್ತು?

"ಇಲ್ಲಿ ಬಂದು ನಿಂತ್ಯಾ? ಇಷ್ಟು ದೂರ ಬಂದು, ಇಲ್ಲಿ?"

ಓಟ ಮುಗಿಸಿದ ಯೆಶಿ ಬಸ್ಸಿನ ಕಡೆ ಹೋಗಲಿಲ್ಲ. ಸೆಂದಾಫಾ ಊರಿನ ಡಾಂಬರು ರಸ್ತೆಯಲ್ಲಿ ಬಂದ ದಾರಿಗೇ ತಿರುಗಿದಳು. ಹುಲ್ಲಿನ ಹೊರೆ ಹೊತ್ತು ಸಂತೆಗೆ ಹೊರಟಿದ್ದ ಕತ್ತೆಗಳ ಸಾಲನ್ನು ಸೀಳಿಕೊಂಡು, ಮೈಲಿಗಲ್ಲಿನ ಮೇಲೆ ಕೂತಿದ್ದ ತಾರಿಕುವಿನ ಎದುರು ಬಂದು ನಿಂತಳು.

ಅವನು ತಲೆ ಎತ್ತಿದ.

ಆಗ ಅವಳಿಗೊಂದು ವಿಚಿತ್ರ ಹೊಳೆಯಿತು. ಈ ಮುಖವನ್ನು ತಾನು ಸರಿಯಾಗಿ ನೋಡಿಯೇ ಇಲ್ಲ... ಒಂದು ವರ್ಷದಿಂದ ವಾರಕ್ಕೆ ಮೂರು ದಿನ ಇವನ ಹಿಂದೆ ಓಡಿದ್ದಾಳೆ. ಬೆನ್ನು ಗೊತ್ತು. ಹಿಮ್ಮಡಿ ಗೊತ್ತು. ಎಡ ಷೂವಿನ ಅಟ್ಟೆ ಹೊರಮಗ್ಗುಲಿಗೆ ಸವೆದದ್ದೂ ಗೊತ್ತು. ಕಣ್ಣು ಇಷ್ಟು ಕಪ್ಪೆಂದು ಮಾತ್ರ ಗೊತ್ತಿರಲಿಲ್ಲ.

ಗೊತ್ತಾಗಿ ಏನಾಗಬೇಕು? ಸಿಟ್ಟು ಇನ್ನಷ್ಟು ಏರಿತು.

"ತಪ್ಪಾಯ್ತು," ಅಂದ ತಾರಿಕು.

"ತಪ್ಪಾಯ್ತು ಅಂದ್ರೆ?"

"ಕಾಲು ಬರ್ಲಿಲ್ಲ."

"ಬಸ್ ಹತ್ತೋವಾಗ ಬಂದಿತ್ತಲ್ಲ? ಬೆಳಿಗ್ಗೆ ಬ್ರೆಡ್ಡಿಗೆ ಸಾಲು ನಿಲ್ಲೋವಾಗ ಎಲ್ಲರಿಗಿಂತ ಮುಂದೆ ಬಂದಿತ್ತಲ್ಲ?"

ಸ್ವಲ್ಪ ದೂರದಲ್ಲಿ, ಜೊತೆಗೆ ಓಡಿದ್ದ ಜೆನೆಬು ಮೊಣಕಾಲಿಗೆ ಕೈ ಊರಿ ಬಗ್ಗಿ ನಿಂತು ಉಸಿರು ಹುಡುಕುತ್ತಿದ್ದಳು. "ಬಿಡೇ ಯೆಶಿ," ಅಂದಳು, "ಕತ್ತೆಗಳೆಲ್ಲ ನಿಂತು ನೋಡ್ತಿವೆ."

"ನೋಡ್ಲಿ. ಹೊರೆ ಹೊತ್ಕೊಂಡ್ರೂ ಅವು ಮಧ್ಯದಲ್ಲಿ ಕೂರಲ್ಲ."

ತಾರಿಕು ನೀರಿನ ಬಾಟಲಿ ಮುಂದೆ ಚಾಚಿದ. ಅವನು ಎದುರು ಮಾತಾಡಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ನೀರು ಕೊಡಲು ಬಂದನಲ್ಲ...

"ನಿನ್ನ ನೀರು ನೀನೇ ಕುಡಿ," ಅಂದು ಅವಳು ತಿರುಗಿ ನಡೆದಳು.

ಅವತ್ತಿನ ಓಟ ಸಾಮಾನ್ಯದ್ದಾಗಿರಲಿಲ್ಲ. ಸ್ಪೇನಿನಲ್ಲಿ ನಡೆಯುವ ರಸ್ತೆ ಓಟಕ್ಕೆ ಕ್ಲಬ್ಬಿಗೆ ಸಿಕ್ಕಿದ್ದು ಒಂದೇ ಸ್ಥಾನ. ಯೆಶಿ, ಜೆನೆಬು ಇಬ್ಬರಲ್ಲಿ ಯಾರು ಕೋಚ್ ಲೆಮ್ಮಾ ಹೇಳಿದ ಸಮಯದೊಳಗೆ ಮೊದಲು ಮುಟ್ಟುತ್ತಾರೋ ಅವರಿಗೆ. ಅವರಿಗೆ ಮುಂದೆ ಓಡಿ ವೇಗ ಹಿಡಿದುಕೊಡುವ ಪೇಸರ್ ತಾರಿಕು. ಎದುರುಗಾಳಿ ಸೀಳುವುದು, ಏರಿನಲ್ಲಿ ವೇಗ ಬೀಳದಂತೆ, ಇಳಿಜಾರಿನಲ್ಲಿ ಹೆಚ್ಚಾಗದಂತೆ ನೋಡಿಕೊಳ್ಳುವುದು ಅವನ ಕೆಲಸ. ಹಿಂದಿನವರು ಅವನ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಬಂದರೆ ಸಾಕು. ಬಳಲಿದಾಗೆಲ್ಲ ಮುಂದಿನಿಂದ ಒಂದು ಮಾತು ಕೇಳಿಸುತ್ತಿತ್ತು: "ನಾನಿದ್ದೀನಿ, ಬಾ." ಅವತ್ತು ಆ ಮಾತು ಗುರಿಗೆ ಇನ್ನೂ ಸ್ವಲ್ಪ ದೂರವಿರುವಾಗ ನಿಂತುಹೋಯಿತು. ಇಬ್ಬರೂ ಸಮಯ ತಪ್ಪಿಸಿಕೊಂಡರು.

ಯೆಶಿಯ ಟ್ರಂಕಿನಲ್ಲಿ ನಾಲ್ಕು ವರ್ಷದಿಂದ ಒಂದು ಪಾಸ್‌ಪೋರ್ಟ್ ಇತ್ತು. ಅದರಲ್ಲಿ ಒಂದು ಮುದ್ರೆಯೂ ಬಿದ್ದಿರಲಿಲ್ಲ.

ಬಸ್ಸಿನಲ್ಲಿ ಲೆಮ್ಮಾ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ. "ಮುಂದಿನ ಶುಕ್ರವಾರ ಇನ್ನೊಂದ್ ಸಲ. ಅದೇ ಕೊನೆ. ಅಲ್ಲೀವರೆಗೂ ಯಾರೂ ಹೆಚ್ಚುಕಮ್ಮಿ ಮಾಡ್ಬೇಡಿ. ಹೆಂಗಸರೆಲ್ಲ ಸೋಮವಾರ, ಬುಧವಾರ, ಶುಕ್ರವಾರ ಒಡೀರಿ. ಮಂಗಳವಾರ, ಗುರುವಾರ, ಶನಿವಾರ ಕಟ್ಟಿ. ಭಾನುವಾರ ದೇವರಿಗೆ ಬಿಡಿ."

ಇದು ಅವನು ವರ್ಷವಿಡೀ ಹೇಳುವ ಮಾತು, ಸುಳ್ಳಲ್ಲ. ಗಟ್ಟಿಯಾಗಿ ಓಡಿದ ದಿನ ಸ್ನಾಯು ಬೆಳೆಯುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹರಿಯುತ್ತದೆ. ಹರಿದದ್ದು ಮತ್ತೆ ಹೆಣೆದುಕೊಂಡು ಮೊದಲಿಗಿಂತ ಬಲಿಯುವುದು ಮರುದಿನದ ಮೆಲ್ಲನೆಯ ಓಟದಲ್ಲಿ, ಊಟದಲ್ಲಿ, ನಿದ್ದೆಯಲ್ಲಿ. ಓಟಗಾರರನ್ನು ಮಾಡುವುದು ಕಷ್ಟದ ದಿನವಲ್ಲ, ಅದರ ಮರುದಿನ.

ತಾರಿಕು ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಈ ಮಾತು ಕೇಳಿಸಿಕೊಂಡ. ಬಗ್ಗಿ ಎಡ ಷೂವಿನ ದಾರ ಸಡಿಲಿಸಿದ.

* * *

ಭಾನುವಾರ ಚರ್ಚಿನಿಂದ ಬರುವಾಗ ಯೆಶಿಯ ಸಿಟ್ಟು ಒಂದಿಷ್ಟು ತಣ್ಣಗಾಗಿತ್ತು. ಬಿಳಿಯ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು ಅಜ್ಜಿ ತುರುನೆಶ್ ಜೊತೆ ಯೆಕಾ ಗುಡ್ಡದ ನೀಲಗಿರಿ ತೋಪಿನ ಕಾಲುದಾರಿ ಹಿಡಿದಿದ್ದಳು. ಕೊತೆಬೆಯಲ್ಲಿ ಅಜ್ಜಿಯ ಮನೆಯ ಹಿತ್ತಲ ಕೋಣೆಯಲ್ಲೇ ಅವಳ ವಾಸ.

"ಬೈದ್ಯಂತೆ ಆ ಹುಡುಗನ್ನ," ಅಂದಳು ಅಜ್ಜಿ.

"ನಿಮಗ್ಯಾರು ಹೇಳಿದ್ರು?"

"ಕತ್ತೆ ಹೊಡ್ಕೊಂಡು ಹೋದವನು ನನ್ನ ತಂಗಿ ಗಂಡ."

ಯೆಶಿಗೆ ನಗು ಬರುವಷ್ಟರಲ್ಲಿ ಮರಗಳ ನಡುವೆ ತರಗೆಲೆ ಸರಸರ ಅಂದಿತು. ಯಾರೋ ಓಡುತ್ತಿದ್ದರು. ಒಬ್ಬರೇ.

ಇದನ್ನೊಂದು ಮಾತಿನಲ್ಲಿ ಹೇಳಿಬಿಡಬೇಕು. ಆ ಊರಿನ ಓಟಗಾರರು ಒಂಟಿಯಾಗಿ ಓಡುವುದಿಲ್ಲ. ಒಂಟಿಯಾಗಿ ಓಡುವವನು ಬಾಗಿಲು ಹಾಕಿಕೊಂಡು ಉಣ್ಣುವವನಿದ್ದಂತೆ. ಎಲ್ಲರ ಜೊತೆ ಓಡುವಾಗ ಶಕ್ತಿ ಉಳಿಸಿಕೊಂಡು, ಯಾರಿಗೂ ಕಾಣದಂತೆ ತನಗಾಗಿ ಖರ್ಚು ಮಾಡುವವನನ್ನು ಗುಂಪು ಕಳ್ಳನೆಂದೇ ಕರೆಯುತ್ತದೆ. ಅದರಲ್ಲೂ ಭಾನುವಾರ.

ಮರದ ಮರೆಯಿಂದ ಈಚೆ ಬಂದವನು ತಾರಿಕು.

ಅವಳನ್ನು ಕಂಡು ಗಕ್ಕನೆ ನಿಂತ. ಬೆವರು ಕತ್ತಿನಿಂದ ಇಳಿಯುತ್ತಿತ್ತು.

*ಶುಕ್ರವಾರ ಬರದ ಕಾಲು ಭಾನುವಾರ ಬಂತು!*

"ಇದಕ್ಕಾ?" ಯೆಶಿ ದಾರಿಗೆ ಅಡ್ಡ ನಿಂತಳು. "ನಮ್ಮನ್ನ ನಡುರಸ್ತೆಯಲ್ಲಿ ಬಿಟ್ಟು ಉಳಿಸ್ಕೊಂಡಿದ್ದು ಇದಕ್ಕಾ?"

"ಯೆಶಿ, ಅದು ಹಾಗಲ್ಲ..."

"ಹಾಗಲ್ದಿದ್ರೆ ಹೇಗೆ? ಹೇಳು. ಚರ್ಚಿಂದ ಬರ್ತಿದ್ದೀನಿ, ಸುಳ್ಳು ಹೇಳಿದ್ರೂ ನಂಬೋ ಹಾಗಿದ್ದೀನಿ."

ಅವನು ಕತ್ತಿನ ಬೆವರು ಒರೆಸಿಕೊಂಡ. "ಓಡಿದ್ದು ನಿಜ," ಅಂದ ಅಷ್ಟೇ.

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ, ಕೊನೆಗೆ ಅವನ ಕಾಲನ್ನೇ ಒಂದು ಕ್ಷಣ ದಿಟ್ಟಿಸಿದಳು. ಯೆಶಿ ಅದನ್ನು ಗಮನಿಸಲಿಲ್ಲ. ಸಿಟ್ಟು ಬಂದಾಗ ಅವಳಿಗೆ ದೂರದ್ದು ಚೆನ್ನಾಗಿ ಕಾಣುತ್ತಿತ್ತು, ಹತ್ತಿರದ್ದು ಕಾಣುತ್ತಿರಲಿಲ್ಲ.

ಮರುದಿನ ನಸುಕಿನಲ್ಲಿ, ಬಸ್ಸು ತುಂಬಿದ ಮೇಲೆ, ಅವಳು ಎದ್ದು ನಿಂತಳು.

"ಕೋಚ್, ಒಂದ್ ಮಾತು. ತಾರಿಕು ಕದ್ದು ಓಡ್ತಾನೆ. ನಿನ್ನೆ, ಭಾನುವಾರ, ತೋಪಿನಲ್ಲಿ. ನಾನೇ ನೋಡ್ದೆ."

ತಾರಿಕುವಿನ ಪಕ್ಕ ಕೂತಿದ್ದವನು ತನ್ನ ಚೀಲ ಎತ್ತಿಕೊಂಡು ಬೇರೆ ಸೀಟಿಗೆ ಹೋದ.

"ಹೌದೇನೋ?" ಅಂದ ಲೆಮ್ಮಾ.

"ಹೌದು ಕೋಚ್."

"ಹಾಗಾದ್ರೆ ಕೇಳಿಸ್ಕೋ. ಶುಕ್ರವಾರ ಇವರಿಬ್ಬರಿಗೆ ನೀನೇ ಮುಂದೆ ಓಡ್ಬೇಕು. ಕೊನೇವರೆಗೂ. ಅವತ್ತು ಕಾಲು ಬರ್ಲಿಲ್ಲ ಅಂದ್ರೆ ನಿನ್ನ ಕಾಲಿಗೆ ಈ ಬಸ್ಸಿನ ಮೆಟ್ಟಿಲೂ ಇಲ್ಲ."

ತಾರಿಕು ತಲೆಯಾಡಿಸಿದ. ಯೆಶಿ ಗೆದ್ದವಳಂತೆ ಕೂತಳು. ಆದರೆ ಎದೆಯಲ್ಲಿ ಗೆದ್ದ ಹಗುರವಿರಲಿಲ್ಲ. ಹಸಿಬಿಸಿ ಇಂಜೆರಾ ರೊಟ್ಟಿ ನುಂಗಿದಂತೆ ಏನೋ ಅಲ್ಲೇ ಕೂತಿತ್ತು.

* * *

ಮಂಗಳವಾರದ ಓಟ ಮೆಲ್ಲಗಿನದು. ಮರಗಳ ಮಧ್ಯೆ ಹಾವಿನಂತೆ ಸುತ್ತಿ ಸುತ್ತಿ, ಮಾತಾಡಿಕೊಂಡು, ಹಸು ಅಡ್ಡ ಬಂದರೆ ಹಸುವಿಗೆ ದಾರಿ ಬಿಟ್ಟು ಓಡುವ ಓಟ. ಅದು ಮುಗಿದ ಮೇಲೆ ಯೆಶಿ ಮನೆಗೆ ಹೋಗದೆ ಮಣ್ಣಿನ ಟ್ರ್ಯಾಕಿನ ಕಡೆ ನಡೆದಳು. ಲೆಮ್ಮಾ ಅಲ್ಲಿ ಗಂಡಸರ ಗುಂಪಿನ ಜೊತೆ ಇರುತ್ತಾನೆ. ಅವನಿಗೆ ಒಂದು ಮಾತು ಹೇಳಬೇಕಿತ್ತು: ಶುಕ್ರವಾರಕ್ಕೆ ಬೇರೆ ಪೇಸರ್ ಕೊಡಿ, ಇವನನ್ನು ನಾನು ನಂಬುವುದಿಲ್ಲ.

ಗಂಡಸರು ತಿರುವಿನಲ್ಲಿ ಧೂಳೆಬ್ಬಿಸಿಕೊಂಡು ಬಂದರು. ಎಲ್ಲರಿಗೂ ಮುಂದೆ ತಾರಿಕು.

ಮೆಲ್ಲನೆಯ ದಿನಗಳಲ್ಲಿ ಅವನೂ ಎಲ್ಲೋ ಮೆಲ್ಲಗೆ ಓಡುತ್ತಾನೆ ಅಂದುಕೊಂಡಿದ್ದಳು.

"ಇವನ್ಯಾಕೆ ಇಲ್ಲಿ, ಕೋಚ್?"

"ನಿಮ್ಮ ಕಟ್ಟೋ ದಿನ ಗಂಡಸರ ಒಡೆಯೋ ದಿನ. ಮುಂದೆ ಓಡ್ತಾನೆ."

"ನಿನ್ನೆ ಗುಡ್ಡ ಹತ್ತಿ ನಮ್ಮ ಮುಂದೆ ಓಡಿದ್ದ."

"ಹೂಂ."

"ನಾಳೆ?"

"ನಾಳೆ ನಿಮ್ಮ ಮುಂದೆ."

"ಗುರುವಾರ?"

ಲೆಮ್ಮಾ ಕೈಯಲ್ಲಿದ್ದ ಸ್ಟಾಪ್‌ವಾಚನ್ನು ಸುಮ್ಮನೆ ಒರೆಸಿದ.

"ಕೋಚ್... ಅವನು ಕಟ್ಟೋದು ಯಾವತ್ತು?"

"ಏನಮ್ಮ?"

"ಒಡೆಯೋ ದಿನ, ಕಟ್ಟೋ ದಿನ ಅಂತೀರಲ್ಲ. ಎಲ್ಲಾ ದಿನವೂ ಒಡೆಯೋದೇ ಆದ್ರೆ ಅವನು ಕಟ್ಟೋದು ಯಾವತ್ತು?"

"ಪೇಸರ್‌ಗೆ ವಾರದ ಪಟ್ಟಿ ಹಾಕ್ಕೊಡೋದಿಲ್ಲ," ಅಂದ ಲೆಮ್ಮಾ. ಆ ಮಾತು ತನ್ನ ಕಿವಿಗೇ ಚೆನ್ನಾಗಿ ಕೇಳಿಸಲಿಲ್ಲವೇನೋ, ದನಿ ಏರಿಸಿದ. "ನಾನೇನು ಬಲವಂತ ಮಾಡ್ದೆನಾ? ಒಂದು ಗುಂಪು ಆರಿಸ್ಕೋ ಅಂದೆ. ಗಂಡಸರ ಜೊತೆ ಇದ್ರೆ ನೀನೇ ದೊಡ್ಡ ಓಟಗಾರ ಆಗ್ತೀಯ ಅಂತಲೂ ಅಂದೆ. ಹೆಂಗಸರ ಗುಂಪು ಬಿಡಲ್ಲ ಅಂದ. ಎರಡೂ ಓಡ್ತೀನಿ ಅಂದ. ನಂಗೂ ಅನುಕೂಲ ಆಯ್ತು."

"ಅನುಕೂಲ," ಅಂದಳು ಯೆಶಿ. ಬೈಗುಳದಂತೆ ಕೇಳಿಸಿತು.

ಗುಂಪು ಮತ್ತೆ ಅವಳ ಎದುರಿನಿಂದ ಹಾದುಹೋಯಿತು. ಈಗ ಅವಳು ಕಣ್ಣು ಮುಚ್ಚಿ ಕೇಳಿದಳು. ಹತ್ತಾರು ಕಾಲುಗಳ ನಡುವೆ ಅವನ ಕಾಲಿನ ಸದ್ದು ಅವಳಿಗೆ ಗೊತ್ತು. ಬಲಗಾಲು ಸರಿಯಾಗಿ ಬೀಳುತ್ತಿತ್ತು. ಎಡಗಾಲು ಒಂದು ಎಳೆಯಷ್ಟು ತಡವಾಗಿ, ನೆಲಕ್ಕೆ ಹೆದರಿದಂತೆ...

ಈ ಸದ್ದು ಹೊಸದಲ್ಲ. ವಾರಗಳಿಂದ ಕೇಳುತ್ತಲೇ ಇದ್ದಳು. ಅವನು ಅಸಡ್ಡೆ ಮಾಡುತ್ತಿದ್ದಾನೆ ಅಂದುಕೊಂಡಿದ್ದಳು.

ತನ್ನ ಮೆಲ್ಲನೆಯ ಮಂಗಳವಾರ, ತನ್ನ ನಿದ್ದೆಯ ಗುರುವಾರ, ಎಲ್ಲವೂ ಇದ್ದಲ್ಲೇ ಇದ್ದವು. ಅವನ ಪಾಲಿಗೆ ಮಾತ್ರ ಅಂಥದ್ದೊಂದು ದಿನವೂ ಇರಲಿಲ್ಲ. ಅಂಥವನನ್ನು ಅವಳು ಬಸ್ಸಿನಲ್ಲಿ ನಿಂತು ಕಳ್ಳ ಅಂದಿದ್ದಳು.

ಬೇರೆಯವರ ಮೇಲಿನ ಸಿಟ್ಟಿಗೆ ಒಂದು ದಾರಿಯಿರುತ್ತದೆ. ತನ್ನ ಮೇಲೆಯೇ ಬಂದ ಸಿಟ್ಟು ಎಲ್ಲಿಗೆ ಹೋಗಬೇಕು? ಅದೂ ಅವನ ಮೇಲೆಯೇ ತಿರುಗಿತು.

ಓಟ ಮುಗಿಸಿ ಬಂದವನ ಎದುರು ನಿಂತು ಹೇಳಿದಳು. "ಮಧ್ಯಾಹ್ನ ಅಜ್ಜಿ ಮನೆಗೆ ಕಾಫಿಗೆ ಬಾ."

ಪೊಲೀಸ್ ಠಾಣೆಗೆ ಕರೆದಂತಿತ್ತು. ತಾರಿಕು ಅಕ್ಕಪಕ್ಕ ನೋಡಿ, "ನನ್ನನ್ನಾ?" ಅಂದ.

"ಬೇರೆ ಯಾರನ್ನ? ಕತ್ತೆಗಳನ್ನಾ?"

* * *

ಅಜ್ಜಿ ತುರುನೆಶ್ ನೆಲಕ್ಕೆ ಹಸಿ ಹುಲ್ಲು ಹರಡಿ, ಕೆಂಡದ ಮೇಲೆ ಧೂಪ ಹಾಕಿ, ಹುರಿದ ಕಾಫಿ ಬೀಜದ ಹೊಗೆಯನ್ನು ಇಬ್ಬರ ಮುಖದ ಹತ್ತಿರ ತಂದು ಹಿಡಿದಳು. ಇಬ್ಬರೂ ಕಾಫಿಯ ಪರಿಮಳ ತೆಗೆದುಕೊಂಡರು, ಒಬ್ಬರನ್ನೊಬ್ಬರು ನೋಡಲಿಲ್ಲ.

"ಜಗಳ ಆಡೋರು ಆಡಿ," ಅಂದಳು ಅಜ್ಜಿ. "ಕಪ್ಪು ಮಾತ್ರ ಒಡೀಬೇಡಿ. ಮೂರು ಸುತ್ತು ಕಾಫಿ ಮುಗಿಯೋವರೆಗೂ ಯಾರೂ ಏಳೋ ಹಾಗಿಲ್ಲ. ಮೂರನೇದು ಆಶೀರ್ವಾದದ್ದು, ನೆನಪಿರಲಿ."

ಮೊದಲನೆಯ ಕಪ್ಪು ಮುಗಿಯಿತು.

"ಬಸ್ಸಿನಲ್ಲಿ ಯಾಕೆ ಹೇಳ್ಲಿಲ್ಲ?" ಎರಡನೆಯದಕ್ಕೆ ಯೆಶಿ ಶುರು ಮಾಡಿದಳು.

"ಓಡಿದ್ದು ನಿಜ ತಾನೆ?"

"ನಿಜ ಬೇಡ ನಂಗೆ. ಕಾರಣ ಹೇಳು."

ತಾರಿಕು ಕಪ್ಪನ್ನು ಬೆರಳಿನಲ್ಲಿ ತಿರುಗಿಸಿದ. "ಆರು ದಿನ ಬೇರೆಯವರ ಓಟ ಓಡ್ತೀನಿ, ಯೆಶಿ. ನಿಮಗೆ ಬೇಕಾದ ವೇಗ. ಅವರಿಗೆ ಬೇಕಾದ ವೇಗ. ಒಂದು ದಿನನಾದ್ರೂ ನನ್ನ ಕಾಲು ನನಗಾಗಿ ಎಷ್ಟು ಓಡುತ್ತೆ ಅಂತ ನೋಡ್ಬೇಕು ಅನ್ಸುತ್ತೆ."

ಅವಳಿಗೆ ಪಾಪ ಅನ್ನಿಸಿತು. ಅನ್ನಿಸಿದ್ದಕ್ಕೆ ಇನ್ನಷ್ಟು ರೇಗಿತು. "ಹಾಗಾದ್ರೆ ನಮ್ಮ ಗುಂಪು ಬಿಟ್ಟು ಅಲ್ಲಿಗೆ ಹೋಗ್ಬೇಕಿತ್ತು. ಕೋಚ್ ಹೇಳಿದ್ರಂತಲ್ಲ. ಯಾಕೆ ಹೋಗ್ಲಿಲ್ಲ?"

"ಅಲ್ಲಿ..."

"ಅಲ್ಲಿ ಏನು?"

"ಅಲ್ಲಿ ನಿನ್ನ ಉಸಿರು ಕೇಳಿಸಲ್ಲ."

ಕೆಂಡ ಚಟಪಟ ಅಂದಿತು. ಅಜ್ಜಿ ಜೋಳದ ಅರಳಿನ ಬುಟ್ಟಿಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

"ಮುಂದೆ ಓಡುವವನಿಗೆ ಕಾಣೋದು ರಸ್ತೆ ಒಂದೇ," ಅಂದ ತಾರಿಕು, ನೆಲ ನೋಡುತ್ತ. "ನಿನ್ನ ಓಟ ನಾನು ನೋಡೇ ಇಲ್ಲ. ಉಸಿರು ಮಾತ್ರ ಗೊತ್ತು. ಏರಿನಲ್ಲಿ ಹೇಗೆ, ಇಳಿಜಾರಿನಲ್ಲಿ ಹೇಗೆ... ಜೆನೆಬು ಪಕ್ಕಕ್ಕೆ ಬಂದ್ರೆ ನಿಂಗೆ ಸಿಟ್ಟು ಬಂದು ಮೂಗಲ್ಲಿ ಬಿಡ್ತೀಯ. ಆಗ ನಾನು ಸ್ವಲ್ಪ ಜೋರು ಮಾಡ್ತೀನಿ. ಅದೊಂದು ಬಿಟ್ಟು ನಂಗೆ ವಾರದಲ್ಲಿ ಇನ್ನೇನಿದೆ?"

ಒಂದು ಕ್ಷಣ ಯೆಶಿಯ ಎದೆ ಕರಗಿ ನೀರಾಯಿತು. ಮರುಕ್ಷಣ ಆ ನೀರು ಕುದಿಯಿತು.

"ನನ್ನ ಉಸಿರು ಕೇಳೋಕೆ ನಿನ್ನ ಕಾಲು ಸುಟ್ಕೊಂಡ್ಯಾ? ನಾನು ಕೇಳಿದ್ನಾ? ನಿನ್ನ ಓಟ ತಂದು ನನ್ನ ಕಾಲ ಹತ್ರ ಸುರಿ ಅಂತ ನಾನು ಯಾವತ್ತಾದ್ರೂ ಅಂದಿದ್ನಾ?"

"ಇಲ್ಲ."

"ಪ್ರೀತಿ ಇದ್ರೆ ಒಂದ್ ಮಾತು ಹೇಳ್ಬೇಕು. ಅದು ಬಿಟ್ಟು ಒಂದು ವರ್ಷ ರಜೆ ಇಲ್ದೆ ಓಡೋದೇ ಸುಲಭ ಅನ್ಸ್ತಾ?"

"ಹೌದು," ಅಂದ ತಾರಿಕು ಪ್ರಾಮಾಣಿಕವಾಗಿ. "ಅದೇ ಸುಲಭ."

"ಗಂಡಸರು," ಅಂದಳು ಅಜ್ಜಿ ಅರಳು ಅಗಿಯುತ್ತ.

"ಶುಕ್ರವಾರ ಒಂದು ಓಡಿಬಿಡ್ತೀನಿ, ಯೆಶಿ. ನಿನ್ನ ಸ್ಪೇನ್ ಆಗ್ಲಿ. ಆಮೇಲೆ ರಜೆ ತಗೋತೀನಿ."

ಅವಳು ಮುಂದೆ ಬಾಗಿ ಅವನ ಎಡಗಾಲನ್ನು ಹಿಡಿದು, ಹಿಮ್ಮಡಿಯ ಮೇಲಿನ ನರವನ್ನು ಹೆಬ್ಬೆರಳಿನಿಂದ ಒಂದಿಷ್ಟೇ ಒತ್ತಿದಳು. ಅವನ ಕೈಯ ಕಾಫಿ ಪೂರ್ತಿ ಹುಲ್ಲಿನ ಮೇಲೆ ಚೆಲ್ಲಿತು. ಅಲ್ಲಿ ಬಾವು ಗೋಲಿಯಷ್ಟು ಗಟ್ಟಿಯಾಗಿತ್ತು.

"ಈ ಕಾಲಲ್ಲಿ ಶುಕ್ರವಾರ ಓಡಿದ್ರೆ ನಿಂಗೆ ರಜೆ ತಗೋಳೋ ಕೆಲಸ ಇರಲ್ಲ. ಜೀವಮಾನದ ರಜೆ ಸಿಗುತ್ತೆ."

"ಓಡದಿದ್ರೆ ಕ್ಲಬ್ಬಿಂದ ಹೊರಗೆ. ನಿನ್ನ ಸ್ಪೇನೂ ಹೋಯ್ತು."

ಅವಳು ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಮೂರನೇ ಕಪ್ಪು ಬಿಟ್ಟು ಎದ್ದಳು," ಅಂದಳು ಅಜ್ಜಿ ಕೆಂಡ ಕೆದಕುತ್ತ. "ಹೆದರ್ಬೇಡ ಮಗನೇ. ಬಾಕಿ ಉಳಿಸಿ ಹೋದೋರು ತೀರಿಸೋಕೆ ಬರ್ಲೇಬೇಕು."

ಬುಧವಾರ ಬಸ್ಸಿನ ಬಾಗಿಲಲ್ಲೇ ಯೆಶಿ ಕೋಚ್‌ಗೆ ಹೇಳಿದಳು, ಇವತ್ತು ಅವನು ಓಡಿದರೆ ಶುಕ್ರವಾರ ನಿಮಗೆ ಪೇಸರ್ರೇ ಇರುವುದಿಲ್ಲ ಎಂದು. ಲೆಮ್ಮಾ ಗೊಣಗಿಕೊಂಡು ಅವನನ್ನು ವಾಪಸ್ಸು ಕಳಿಸಿದ. ಗುರುವಾರವೂ ಕಳಿಸಿದ. ವರ್ಷವಿಡೀ ಒಡೆದದ್ದು ಎರಡು ದಿನದಲ್ಲಿ ಕೂಡುವುದಿಲ್ಲ ಎಂದು ಲೆಮ್ಮಾನಿಗೂ ಗೊತ್ತಿತ್ತು. ಗೊತ್ತಿದ್ದೂ ಶುಕ್ರವಾರದ ಮಾತನ್ನು ಅವನು ಹಿಂತೆಗೆದುಕೊಳ್ಳಲಿಲ್ಲ.

* * *

ಶುಕ್ರವಾರ. ಬಸ್ಸು ಸೆಂದಾಫಾದ ಅಂಚಿನಲ್ಲಿ ನಿಂತಿತು. ತಾರಿಕು ಮೆಟ್ಟಿಲ ಮೇಲೆ ಕೂತು ಬಲಗಾಲಿನ ಷೂವಿಗೆ ದಾರ ಕಟ್ಟುತ್ತಿದ್ದ. ಎಡ ಷೂ ಪಕ್ಕದಲ್ಲಿತ್ತು.

ಯೆಶಿ ಬಂದು ಅದನ್ನು ಎತ್ತಿಕೊಂಡು ಸೀದಾ ಡ್ರೈವರ್ ಕೈಗೆ ಕೊಟ್ಟಳು. "ಓಟ ಮುಗಿಯೋವರೆಗೂ ಇದು ನಿಮ್ಮ ಹತ್ರ ಇರ್ಲಿ ಅಣ್ಣಾ. ಅವನು ಅತ್ತರೂ ಕೊಡ್ಬೇಡಿ."

ಇಡೀ ಬಸ್ಸು ಅವನ ಕಡೆ ತಿರುಗಿತು. ಬರಿಯ ಎಡಗಾಲು ಮೆಟ್ಟಿಲ ಮೇಲಿತ್ತು. ಹಿಮ್ಮಡಿಯ ಮೇಲೆ ಊದಿದ್ದು, ಕೆಂಪಾದದ್ದು ಎಲ್ಲರಿಗೂ ಕಂಡಿತು. ಓಟಗಾರರಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಸೋಮವಾರ ಚೀಲ ಎತ್ತಿಕೊಂಡು ಹೋಗಿದ್ದವನು ತಲೆ ತಗ್ಗಿಸಿದ.

"ಸೋಮವಾರ ಇವನನ್ನ ಕಳ್ಳ ಅಂದೆ," ಅಂದಳು ಯೆಶಿ. ದನಿಯಲ್ಲಿ ಕ್ಷಮೆಗಿಂತ ಜಗಳವೇ ಹೆಚ್ಚಿತ್ತು. "ತಪ್ಪು. ಇವನ ರಜೆ ಕದ್ದವರು ನಾವು. ಎಲ್ಲರೂ. ನೀವೂ ಕೋಚ್. ಇವನ ಹಿಂದೆ ನಾನು ಇವತ್ತು ಓಡಲ್ಲ. ಇವನನ್ನ ಹೊರಗೆ ಹಾಕೋದಾದ್ರೆ ಇನ್ನೊಂದು ಹೆಸರೂ ಸೇರಿಸ್ಕೊಳ್ಳಿ."

"ನಂಗೆ ಪಾಠ ಹೇಳ್ತೀಯಾ?" ಲೆಮ್ಮಾ ಗುಡುಗಿದ. ಆದರೆ ಕಣ್ಣು ಆ ಕಾಲಿನ ಮೇಲೆಯೇ ಇತ್ತು.

ಜೆನೆಬು ಮುಂದೆ ನುಗ್ಗಿದಳು. "ಲೇ, ನಿನ್ನ ಪ್ರೇಮಕ್ಕೆ ನನ್ನ ಸ್ಪೇನ್ ಯಾಕೆ ಬಲಿ ಕೊಡ್ತೀಯೆ? ಪೇಸರ್ ಇಲ್ದೆ ನಾನೂ ಸಮಯ ಮುಟ್ಟಲ್ಲ."

ಅದು ನ್ಯಾಯದ ಸಿಟ್ಟು. ಯೆಶಿ ಅದಕ್ಕೆ ಬೆಲೆ ಕೊಟ್ಟಳು. "ಮುಟ್ಟಿಸ್ತೀನಿ. ಒಂದು ಮೈಲಿಗಲ್ಲು ನಾನು ಮುಂದೆ, ಒಂದು ನೀನು. ಗಾಳಿ ಹಂಚ್ಕೊಳ್ಳೋಣ."

"ಕೊನೇಗೆ?"

"ಕೊನೇಗೆ ಯಾರಿಗೆ ಕಾಲಿದ್ಯೋ ಅವರದು."

ಜೆನೆಬು ಅವಳನ್ನು ದಿಟ್ಟಿಸಿ, ತಾರಿಕುವನ್ನು ದಿಟ್ಟಿಸಿ, ನೆಲಕ್ಕೆ ಉಗುಳಿದಳು. "ನಡಿ."

ಲೆಮ್ಮಾ ಸ್ಟಾಪ್‌ವಾಚ್ ಕೈಗೆ ತೆಗೆದುಕೊಂಡ.

ಮುಂದೆ ಓಡುವುದೆಂದರೆ ಏನೆಂದು ಯೆಶಿಗೆ ಗೊತ್ತಾದದ್ದು ಅವತ್ತು. ಗಾಳಿ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳುತ್ತಿತ್ತು. ನೆಡಲು ಯಾರ ಹಿಮ್ಮಡಿಯೂ ಇಲ್ಲದೆ ಕಣ್ಣು ಖಾಲಿ ರಸ್ತೆಯಲ್ಲಿ ಅಲೆಯಿತು. ಆ ಒಂಟಿತನದಲ್ಲಿ ಬೆನ್ನ ಹಿಂದಿನಿಂದ ಜೆನೆಬುವಿನ ಉಸಿರು ಕೇಳಿಸಿತು. ಬಿಸಿಯಾಗಿ, ಹತ್ತಿರದಲ್ಲಿ, ತನ್ನನ್ನೇ ನಂಬಿಕೊಂಡು ಬರುತ್ತಿದ್ದ ಉಸಿರು.

*ಇದನ್ನೇ ಅವನು ಒಂದು ವರ್ಷ ಕೇಳಿದ್ದು...*

ಜೆನೆಬುವಿನ ಉಸಿರು ಏರಿನಲ್ಲಿ ತಡವರಿಸಿತು. ಯೋಚಿಸದೆಯೇ ಯೆಶಿಯ ಬಾಯಿಂದ ಮಾತು ಬಂತು. "ನಾನಿದ್ದೀನಿ, ಬಾ."

ಮುಂದಿನ ಮೈಲಿಗಲ್ಲಿನಲ್ಲಿ ಜೆನೆಬು ಮುಂದೆ ಬಂದು ಗಾಳಿ ಹೊತ್ತಳು. ಹಾಗೇ ಬದಲಾಯಿಸಿಕೊಂಡು, ಕೊನೆಯ ಇಳಿಜಾರಿಗೆ ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿಕೊಂಡು ಬಂದರು. ಅಲ್ಲಿಂದ ಮುಂದೆ ಸ್ನೇಹವಿರಲಿಲ್ಲ, ಕಾಲುಗಳಷ್ಟೇ ಇದ್ದವು.

ಜೆನೆಬು ಒಂದು ತೋಳಳತೆ ಮುಂದೆ ಮುಟ್ಟಿದಳು.

"ಇಬ್ಬರೂ ಸಮಯದೊಳಗೆ," ಅಂದ ಲೆಮ್ಮಾ. ಆಮೇಲೆ ಯೆಶಿಯ ಕಡೆ ನೋಡದೆ, "ಸೀಟು ಒಂದೇ ಅಮ್ಮ," ಅಂದ.

ಜೆನೆಬು ಅವಳನ್ನು ಅಪ್ಪಿಕೊಂಡು ಅತ್ತಳು. ಅತ್ತಳು, ಆದರೆ ಸೀಟು ಬಿಟ್ಟುಕೊಡುತ್ತೇನೆ ಅನ್ನಲಿಲ್ಲ. ಅಂದಿದ್ದರೆ ಯೆಶಿ ಅವಳಿಗೂ ಬೈಯುತ್ತಿದ್ದಳು.

ತಾರಿಕು ಬಸ್ಸಿನಲ್ಲೇ ಅವರ ಜೊತೆಜೊತೆಗೆ ಬಂದು ಅದೇ ಮೈಲಿಗಲ್ಲಿನ ಮೇಲೆ ಕೂತಿದ್ದ. ಒಂದು ಕಾಲಿಗೆ ಷೂ, ಇನ್ನೊಂದು ಬರಿಗಾಲು. ಯೆಶಿ ಬಂದು ಎದುರು ನಿಂತಳು. ಅವನ ಕಣ್ಣು ತುಂಬಿತ್ತು.

"ನನ್ನಿಂದ ನಿನ್ನ ಸ್ಪೇನ್..."

"ಅದೊಂದು ಮಾತು ಇನ್ನೊಂದ್ ಸಲ ಆಡಿದ್ರೆ," ಅಂದಳು ಅವಳು ಏದುಸಿರು ಬಿಡುತ್ತ, "ಆ ಇನ್ನೊಂದು ಕಾಲನ್ನೂ ನಾನೇ ಮುರೀತೀನಿ. ಸರಿಯಾಗಿ ರಜೆ ಸಿಗುತ್ತೆ. ಸೋತಿದ್ದು ನಾನು, ನನ್ನ ಕಾಲಲ್ಲಿ. ಅದನ್ನೂ ನಿನ್ನ ಲೆಕ್ಕಕ್ಕೆ ಸೇರಿಸ್ಕೋಬೇಡ."

"ಸರಿ."

"ಏನು ಸರಿ? ಅಳ್ತಿದ್ದೀಯ."

"ಸೋತಿದ್ದಕ್ಕಲ್ಲ." ಅವನು ಕೈಯ ಹಿಂಭಾಗದಿಂದ ಕಣ್ಣು ಒರೆಸಿಕೊಂಡ. "ನಿನ್ನ ಓಟ ಇವತ್ತು ಮೊದಲನೇ ಸಲ ನೋಡ್ದೆ. ನೀನು ಹೀಗೆ ಓಡ್ತೀಯ ಅಂತ... ಯಾರೂ ನಂಗೆ ಹೇಳೇ ಇರ್ಲಿಲ್ಲ."

ಯೆಶಿ ಅವನ ಪಕ್ಕದಲ್ಲಿದ್ದ ನೀರಿನ ಬಾಟಲಿ ಎತ್ತಿಕೊಂಡು ಪೂರ್ತಿ ಕುಡಿದಳು.

"ಏಳು," ಅಂದಳು ಕೊನೆಗೆ, ಕೈ ಚಾಚಿ. "ಅಜ್ಜಿ ಮನೇಲಿ ಮೂರನೇ ಕಪ್ಪು ಬಾಕಿ ಇದೆ."

* * *

ತಾರಿಕುವನ್ನು ಕೂರಿಸುವುದು ಓಡಿಸುವುದಕ್ಕಿಂತ ಕಷ್ಟವಾಯಿತು. ಯೆಶಿ ದಿನವೂ ಹುರಿಟ್ಟು ಕಲಸಿ ತೆಗೆದುಕೊಂಡು ಹೋಗಿ, ಅವನು ಕುಡಿಯುವವರೆಗೆ ಎದುರೇ ಕೂತು ದುರುಗುಟ್ಟಿ ನೋಡುತ್ತಿದ್ದಳು. ಅವಳ ಪಾಸ್‌ಪೋರ್ಟ್ ಖಾಲಿಯೇ ಇತ್ತು. ಲೆಮ್ಮಾ "ಮುಂದಿನ ವರ್ಷ ನೋಡೋಣ" ಅಂದಿದ್ದ. ಇನ್ನೊಂದು ಮಾತನ್ನೂ ಅವನು ಹೇಳಿದ್ದ, ಬಸ್ಸಿನಲ್ಲಿ, ಎಲ್ಲರ ಎದುರು: ಇನ್ನು ಮೇಲೆ ಪೇಸರ್ ಒಂದೇ ಗುಂಪಿಗೆ, ಅವರಿಗೂ ಒಡೆಯುವ ದಿನ, ಕಟ್ಟುವ ದಿನ. ತಾರಿಕು ಗಂಡಸರ ಗುಂಪಿಗೆ ಹೋದ. ಪೇಸರ್ ಆಗಿ ಅಲ್ಲ, ಓಟಗಾರನಾಗಿ.

ಕಾಲು ಕೂಡಿದ ಮೇಲೆ, ಗಂಡಸರ ಕಷ್ಟದ ಓಟಕ್ಕೆ ಅವನು ಇನ್ನೂ ಇಳಿಯದ ಒಂದು ಶನಿವಾರ, ತನ್ನ ಮೆಲ್ಲನೆಯ ಓಟದ ದಿನ, ಯೆಶಿ ಅವನನ್ನು ಯೆಕಾ ಗುಡ್ಡದ ತೋಪಿಗೆ ಕರೆತಂದಳು.

"ನಾನು ಮುಂದೆ," ಅಂದಳು. "ನೀನು ನನ್ನ ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಬಾ. ಹಿಂದೆ ಹಾಕೋಕೆ ನೋಡಿದ್ರೆ ಜೋಕೆ."

ಮರಗಳ ಸಂದಿಯಲ್ಲಿ ಸುತ್ತಿ ಸುತ್ತಿ ಓಡಿದರು. ನಡೆಯುವವರೂ ದಾಟಿ ಹೋಗಬಹುದಾದಷ್ಟು ಮೆಲ್ಲಗೆ. ಅವನ ಎಡಗಾಲು ತಡವರಿಸದೆ ಬೀಳುತ್ತಿತ್ತು. ಅವಳು ಕೇಳಿಸಿಕೊಳ್ಳುತ್ತಲೇ ಇದ್ದಳು.

"ಇನ್ನೂ ಸಿಟ್ಟಿದ್ಯಾ?" ಹಿಂದಿನಿಂದ ಅವನು ಕೇಳಿದ.

"ಇದೆ."

"ಮೂರನೇ ಕಪ್ಪು ಕುಡಿದ ಮೇಲೂ?"

"ಅದಾದ ಮೇಲೆ ಜಾಸ್ತಿ ಆಯ್ತು. ಮುಂಚೆ ಯಾರೋ ಒಬ್ಬನ ಮೇಲೆ ಸಿಟ್ಟಿತ್ತು. ಈಗ ನನ್ನವನ ಮೇಲೆ."

ಹಿಂದಿನ ಹೆಜ್ಜೆಗಳು ಒಂದು ಕ್ಷಣ ಲಯ ತಪ್ಪಿದವು. ಯೆಶಿ ತಿರುಗಿ ನೋಡಲಿಲ್ಲ. ತುಟಿಯಂಚಿನ ನಗು ಅವನಿಗೆ ಕಾಣಬಾರದಿತ್ತು.

"ಯೆಶಿ."

"ಏನು?"

"ಅವತ್ತು ಹೇಳ್ಬೇಕು ಅಂದ್ಯಲ್ಲ, ಒಂದು ಮಾತು... ಈಗ ಹೇಳ್ಲಾ?"

"ಓಡ್ತಾ ಹೇಳು. ನಿಂತು ಹೇಳಿದ್ರೆ ನಾನು ಅತ್ತುಬಿಡ್ತೀನಿ."

ಅವನು ಓಡುತ್ತಲೇ ಹೇಳಿದ. ಅವಳು ಓಡುತ್ತಲೇ ಅತ್ತಳು.

ತೋಪು ಮುಗಿದು ಹುಲ್ಲುಗಾವಲು ತೆರೆದುಕೊಂಡಿತು. ಕಾಲುದಾರಿ ಅಗಲವಾಯಿತು. ಯೆಶಿ ಮೊದಲ ಬಾರಿಗೆ ವೇಗ ತಗ್ಗಿಸಿದಳು.

"ಸುಸ್ತಾಯ್ತಾ?" ಅವನು ಗಾಬರಿಯಿಂದ ಕೇಳಿದ.

"ಇಲ್ಲ," ಅಂದಳು ಅವಳು. "ನಾನು ಮುಂದೆ ಇದ್ರೆ ನಿನ್ನ ಮುಖ ಕಾಣಲ್ಲ. ನೀನು ಮುಂದೆ ಇದ್ರೆ ನನ್ನ ಓಟ ಕಾಣಲ್ಲ. ಪಕ್ಕಕ್ಕೆ ಬಾ."